ಹಬ್ಬಕ್ಕೆ ಸಿಗದ ಬೋಸಿ

ಬೆಂಗಳೂರಿನ ಶ್ರೀನಗರದ ಒಂದು ಮನೆಯ ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿಯೊಂದಿತ್ತು. ಬೆರಳುದ್ದ ಇದ್ದಾಗ ಮನೆಯ ಸೊಸೆ ಪಾರ್ವತಮ್ಮ ಜಯನಗರದ ಕಾಂಪ್ಲೆಕ್ಸ್ ಹತ್ತಿರದ ಅಂಗಡಿಯಿಂದ ತಂದ ಕೆಂಪು ಮೀನು ಅದರಲ್ಲಿ ಅಂಗೈಯಗಲ ಬೆಳೆದಿತ್ತು. ಎಂಬತ್ತೆರಡನೇ ಇಸವಿ, ಗೌರಿ ಹಬ್ಬ ಹತ್ತಿರ ಬಂದಿತ್ತು. ಒಂದು ದಿನ ಮೀನು ಹಾಕಿದ್ದನ್ನು ತಿನ್ನಲಿಲ್ಲ. ದೃಷ್ಟಿಯಾಗಿದೆ ಎಂದು ಅತ್ತೆ ಸೊಣ್ಣಮ್ಮ ಅರಿಶಿನ, ಸುಣ್ಣ ಕದಡಿ ಓಕುಳಿ ಮಾಡಿ ತೊಟ್ಟಿಯ ಸುತ್ತ ನಿವಾಳಿಸಿದರು. ಆ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕು. ತೊಟ್ಟಿಯೊಳಗೆ ಯಾರು ತುಳಿಯುತ್ತಾರೆ? ಅಲ್ಲಿಗೇ ಸುರಿದರು. ಒಳ್ಳೆಯ ಮನಸ್ಸಿನಿಂದಲೇ ಸುರಿದರು, ಅದು ಸುಳ್ಳಲ್ಲ.

ಸುಣ್ಣ ಮೀನಿನ ಕಿವಿರನ್ನು ಸುಟ್ಟಿತು. ಪಾರ್ವತಮ್ಮ ನೋಡುವ ಹೊತ್ತಿಗೆ ಅದು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಕೈಗೆ ಸಿಕ್ಕಿದ್ದು ಹಬ್ಬಕ್ಕೆ ಕಣಕ ಕಲಸುವ ದೊಡ್ಡ ಸ್ಟೀಲ್ ಬೋಸಿ. ಅದರಲ್ಲಿ ಒಳ್ಳೆ ನೀರು ತುಂಬಿ ಮೀನು ಬಿಟ್ಟಳು. ಆಮೇಲೆ ಕಿವಿರಿನ ಅಂಚಿಗೆ ಹತ್ತಿ ಅಂಟಿದ ಹಾಗೆ ಬೂಷ್ಟು ಬಂತು. ಮೀನಿನಂಗಡಿಯವನನ್ನು ಕೇಳಿದಳು. ನಲ್ಲಿ ನೀರನ್ನು ಒಂದು ದಿನ ಇಟ್ಟು ಹಾಕಿ, ಕಲ್ಲುಪ್ಪು ಕರಗಿಸಿ, ನೀರಿಗೆ ಗಾಳಿ ಸೇರುತ್ತಿರಲಿ, ಆದರೂ ಉಳಿಯುವುದು ಡೌಟು ಎಂದ.

ಅವಳು ಬೋಸಿಯ ಪಕ್ಕ ಕೂತಳು. ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಬಿಡುವುದು, ಮತ್ತೆ ಮೊಗೆಯುವುದು. ರಟ್ಟೆ ಬಿದ್ದುಹೋಯಿತು, ಬಿಡಲಿಲ್ಲ. ಮೋರಿಗೆಸೆದು ಬೇರೆಯದು ತಂದರಾಯಿತು ಎಂದು ಗಂಡ ಉಗ್ರಪ್ಪ ಡ್ಯೂಟಿಗೆ ಹೊರಡುವಾಗಲೆಲ್ಲ ಹೇಳಿ ಹೋಗುತ್ತಿದ್ದ.

ಹಬ್ಬದ ಬೆಳಿಗ್ಗೆ ಸೊಣ್ಣಮ್ಮ ಬಂದು ನಿಂತರು.

"ಬೋಸಿ ಕೊಡು. ಕಣಕ ಕಲಸ್ಬೇಕು."

"ಕೊಡಲ್ಲ ಅತ್ತೆ."

"ಮಕ್ಕಳಿಲ್ದೋಳು ಮೀನಿಗೆ ಬಾಣಂತನ ಮಾಡ್ತಾವ್ಳೆ ಅಂತ ಬೀದಿಯೋರು ನಗ್ತಾವ್ರೆ ಕಣೆ."

ಆ ಮಾತು ಮನೆಯಲ್ಲಿ ಸುತ್ತಿ ಬಳಸಿ ಎಷ್ಟೋ ಸಲ ಬಂದಿತ್ತು. ಮುಖಕ್ಕೇ ಬಂದದ್ದು ಅವತ್ತು. ಪಾರ್ವತಮ್ಮ ಚೊಂಬು ಕೆಳಗಿಡಲಿಲ್ಲ.

"ನಗ್ಲಿ. ಮಾಡ್ತಾ ಇರೋದು ಬಾಣಂತನವೇ. ನಾಲ್ಕು ಜನ ನೋಡ್ಲಿ ಅಂತ ಬೇಕಾದ್ರೆ ಬಾಗಿಲಲ್ಲೇ ಕೂತು ಮಾಡ್ತೀನಿ."

ಹೇಳಿದ ಹಾಗೇ ಮಾಡಿದಳು. ನೀರು ತುಳುಕದಂತೆ ಬೋಸಿಯನ್ನು ಎತ್ತಿಕೊಂಡು ಹೋಗಿ ತಲೆಬಾಗಿಲ ಜಗಲಿಯ ಮೇಲಿಟ್ಟು, ಸೆರಗು ಸಿಕ್ಕಿಸಿ ಕೂತಳು. ಬಾಗಿನ ಹಿಡಿದು ಹೋಗುವ ಹೆಂಗಸರೆಲ್ಲ ನೋಡಿದರು. ಕೆಲವರು ನಕ್ಕರು. ಅವಳೂ ಅವರನ್ನು ನೋಡಿದಳು. ಒಳಗೆ ಕಣಕವನ್ನು ಕುಕ್ಕರಿನಲ್ಲಿ ಕಲಸಿದರು. ಉಗ್ರಪ್ಪ ಊಟಕ್ಕೆ ಕರೆಯಲು ಬಂದವನು ಅವಳ ಮುಖ ನೋಡಿ, ಹಿಂದಿನ ದಿನ ಹಿಡಿದಿಟ್ಟ ನೀರಿನ ಬಕೆಟ್ ತಂದಿಟ್ಟು ಹೋದ.

ಹಬ್ಬ ಕಳೆದು ನವರಾತ್ರಿ ಬರುವಷ್ಟರಲ್ಲಿ ಬೂಷ್ಟು ಉದುರಿತು. ಎಡಗಡೆಯ ಕಿವಿರಿನ ಮುಚ್ಚಳ ಮುದುರಿಕೊಂಡೇ ಉಳಿಯಿತು, ಒಳಗಿನ ಕೆಂಪು ಸದಾ ಕಾಣುತ್ತಿತ್ತು. ಹಾಗೇ ಬಾಯ್ದೆರೆದ ಕಿವಿರಿನಲ್ಲೇ ಅದು ಇನ್ನೂ ಹಲವು ಬೇಸಿಗೆ ಈಜಿತು.