ಎಡಗಡೆ ಸೀಟಿನ ಬೆಲ್ಟು

ಟಕ್ ಎಂದಿತು. ಇನ್ನು ಹೊರಡಬಹುದು ಎನ್ನುವಂತೆ ರೇವತಿ ಮುಂದೆ ನೋಡಿದಳು.

ಆ ಸದ್ದು ಸುಳ್ಳೆಂದು ಜಗದೀಶನಿಗೆ ಗೊತ್ತಿತ್ತು. ಬೆಲ್ಟಿನ ನಾಲಿಗೆ ಲಾಕಿನೊಳಗೆ ಹೋಗುತ್ತದೆ, ಸದ್ದೂ ಮಾಡುತ್ತದೆ. ಆದರೆ ಸ್ವಲ್ಪ ಜಗ್ಗಿದರೆ ಸಾಕು, ಬೆಣ್ಣೆಯಿಂದ ಚಾಕು ತೆಗೆದಹಾಗೆ ಹೊರಗೆ ಬಂದುಬಿಡುತ್ತದೆ. ಮೆಕ್ಯಾನಿಕ್ ತಿಪ್ಪಯ್ಯ ಕಳೆದ ವಾರ ಎರಡೇ ಬೆರಳಲ್ಲಿ ಎಳೆದು ತೋರಿಸಿದ್ದ. ಇಷ್ಟು ಹಳೇ ಗಾಡಿಯ ಲಾಕು ಇಲ್ಲಿ ಸಿಗುವುದಿಲ್ಲ, ಬೇಕಾದರೆ ಬಳ್ಳಾರಿಯಿಂದ ತರಿಸುತ್ತೇನೆ ಎಂದಿದ್ದ.

"ಪೊಲೀಸರಿಗೆ ತೋರಿಸಾಕ ಇದು ಸಾಕ್ರಿ. ಆದ್ರ ಆ ಸೀಟಿನಾಗ ಯಾರನ್ನೂ ಕುಂದರಿಸಬ್ಯಾಡ್ರಿ."

ತರಿಸು ಎನ್ನುವುದು ಒಂದೇ ಮಾತಿನ ಕೆಲಸ. ಜಗದೀಶ ಆ ಮಾತು ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ಹುಡುಕಿದರೆ ಅವನಿಗೆ ಕಾರಣವೂ ಸಿಗುತ್ತಿರಲಿಲ್ಲ.

ಅವನು ಎಂ.ಕಾಂ. ಓದಿದವನು. ರಾಯದುರ್ಗದ ಜೀನ್ಸ್ ಯೂನಿಟ್ಟೊಂದರಲ್ಲಿ ಕ್ವಾಲಿಟಿ ಸೂಪರ್‌ವೈಸರ್. ಹೊಲಿದು ಬಂದ ಪ್ಯಾಂಟುಗಳ ಗುಂಡಿ, ಜಿಪ್ಪು, ಸೊಂಟದ ಪಟ್ಟಿ ಜಗ್ಗಿ ನೋಡುವುದು, ಬಿಟ್ಟುಕೊಂಡರೆ ಕೆಂಪು ಚೀಟಿ ಅಂಟಿಸುವುದು ಅವನ ಕೆಲಸ. ಎಲ್ಲೋ ಯಾರದೋ ಪ್ಯಾಂಟು ಸೊಂಟದಿಂದ ಜಾರದಿರಲಿ ಎಂದು ಅವನಿಗೆ ಸಂಬಳ ಕೊಡುತ್ತಿದ್ದರು.

ತಾಯಿ ಓಬಮ್ಮ ಕಿಟಕಿಯೊಳಗೆ ಬಗ್ಗಿದಳು. ಸೊಸೆ ರೇವತಿಗೆ ಏಳನೇ ತಿಂಗಳು, ಚೊಚ್ಚಲು. ಹೆರಿಗೆಗೆ ಮಡಕಶಿರಕ್ಕೆ, ತವರಿಗೆ ಹೊರಟಿದ್ದಳು. ಓಬಮ್ಮ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನದ ಕೊಂಬು ಹಾಕಿ ಅವಳ ಸೆರಗಿನಲ್ಲಿ ಉಡಿ ತುಂಬಿದ್ದಳು. ಹೊಟ್ಟೆಯ ಮೇಲೆ ಸೆರಗು ಸಿಕ್ಕಿಸಲು ಆಗದೆ ರೇವತಿ ಅದನ್ನು ಎಡಗೈಯಲ್ಲಿ ಒಟ್ಟುಮಾಡಿ ಹಿಡಿದಿದ್ದಳು. ತವರಿನ ದೇವರ ಮುಂದೆ ಸುರಿಯುವ ತನಕ ಉಡಿ ಬಿಡಬಾರದು, ಬಿಟ್ಟರೆ ಹೊಟ್ಟೆಯಲ್ಲಿರುವುದಕ್ಕೆ ಒಳ್ಳೆಯದಲ್ಲ ಎಂದು ಓಬಮ್ಮ ಮತ್ತೊಮ್ಮೆ ಹೇಳಿದಳು. ತನ್ನ ಹಳೇ ಸೀರೆ ಮಡಿಚಿ ಸೊಸೆಯ ಸೊಂಟಕ್ಕೆ ಒತ್ತಾಗಿ ಇಟ್ಟಳು.

"ಹಗುರಕ ನಡಸಪ್ಪ. ಎರಡು ಜೀವ ಅದಾವ."

ಹಿಂದೆ ಕೂತುಕೋ ಎನ್ನಬಹುದಿತ್ತು. ಆಗ ಯಾಕೆಂದು ಹೇಳಬೇಕಾಗುತ್ತಿತ್ತು. ಗೊತ್ತಿದ್ದೂ ಒಂದು ವಾರ ಏನು ಮಾಡಿದಿರಿ ಎಂದು ಅವಳು ಕೇಳುತ್ತಿದ್ದಳು. ಹಿಂದಿನ ಸೀಟಿನಲ್ಲಂತೂ ಬೆಲ್ಟೇ ಇರಲಿಲ್ಲ, ಗಂಟುಮೂಟೆ ತುಂಬಿತ್ತು. ಜಗದೀಶ ಗಾಡಿ ಹೊರಡಿಸಿದ.

ಕಲ್ಯಾಣದುರ್ಗದ ರಸ್ತೆ ಚೆನ್ನಾಗಿತ್ತು. ಚೆನ್ನಾಗಿದ್ದುದರಿಂದಲೇ ಅವನಿಗೆ ಭಯ, ಎಲ್ಲ ಗಾಡಿಗಳೂ ವೇಗವಾಗಿ ಬರುತ್ತಿದ್ದವು. ಎದುರಿಗೆ ಬರುವ ಪ್ರತಿ ಲಾರಿಯೂ ತನ್ನ ಕಡೆಗೇ ತಿರುಗಿದಂತೆ ಕಂಡಿತು. ಅವನ ಬೆಲ್ಟು ಗಟ್ಟಿಯಾಗಿ ಎದೆ ಹಿಡಿದಿತ್ತು. ಉಸಿರೆಳೆದಾಗಲೆಲ್ಲ ತಾನು ಬದುಕುತ್ತೇನೆ ಎಂದು ಅದು ನೆನಪಿಸುತ್ತಿತ್ತು.

ಓರೆಗಣ್ಣಲ್ಲಿ ನೋಡಿದ. ರೇವತಿಯ ಎಡಗೈಯಲ್ಲಿ ಉಡಿ. ಬಲಗೈ ಸೆರಗಿನ ಕೆಳಗೆ ಎಲ್ಲೋ ಇತ್ತು, ಹೊಟ್ಟೆಯ ಮೇಲಿಟ್ಟುಕೊಂಡಿರಬೇಕು.

"ಭಯಾನಾ?" ಎಂದಳು.

"ಯಾಕ ಭಯ?"

"ಬೆವರ್ತಾ ಇದೀರಲ್ಲ, ಅದಕ್ಕೆ ಕೇಳ್ದೆ."

"ಸೆಕೆ."

ಅವಳು ಕಿಟಕಿಯ ಗಾಜು ಇಳಿಸಲು ಕೈ ಚಾಚಲಿಲ್ಲ. ನೀವೇ ಒಂಚೂರು ಇಳಿಸ್ಕಳಿ ಎಂದಳು. ಮದುವೆಗೆ ಮುಂಚೆ ಅವಳು ಮಡಕಶಿರದಿಂದ ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸಿನಲ್ಲಿ ದುಡಿದವಳು. ಲೈನಿನಲ್ಲಿ ಪಕ್ಕದವಳಿಗೆ ಕೆಲಸ ಹಿಂದೆ ಬಿದ್ದರೆ ಸದ್ದಿಲ್ಲದೆ ಅವಳ ಪಾಲಿನ ನಾಲ್ಕು ತುಂಡು ಹೊಲಿದುಕೊಡುತ್ತಿದ್ದಳಂತೆ. ಅದನ್ನು ಹೇಳಿದವರು ಅವಳ ಗೆಳತಿಯರು, ಅವಳಲ್ಲ.

ಕಲ್ಯಾಣದುರ್ಗ ದಾಟಿದ ಮೇಲೆ ಒಂದು ತಿರುವು. ಎದುರಿಗೆ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಟ್ರೈಲರ್. ಮುಂದಿನ ಭಾಗ ಆಗಲೇ ತಿರುಗಿ ಹೋಗಿತ್ತು. ಹಿಂದೆ ಚಾಚಿದ ಬಿಳಿ ರೆಕ್ಕೆಯ ತುದಿ ರಸ್ತೆಯನ್ನೆಲ್ಲ ಗುಡಿಸುತ್ತ ನಿಧಾನವಾಗಿ ಅವರ ಗಾಜಿನ ಕಡೆ ಬಂತು. ನಿಧಾನವಾಗಿ ಬಂದದ್ದೇ ಭಯಂಕರವಾಗಿತ್ತು. ಜಗದೀಶ ಇದ್ದಬದ್ದ ಬಲದಿಂದ ಬ್ರೇಕ್ ಒತ್ತಿದ.

ಕಾಯಿ ಹಾರಿ ಮುಂದಿನ ಗಾಜಿಗೆ ಬಡಿಯಿತು. ಅಕ್ಕಿ ಚೆಲ್ಲಿತು. ರೆಕ್ಕೆ ಅವರ ಮುಂದೆಯೇ ಹಾದುಹೋಯಿತು.

ಗಾಡಿ ನಿಂತಿತ್ತು. ರೇವತಿ ಸೀಟಿನಲ್ಲೇ ಇದ್ದಳು. ಬೆಲ್ಟು ಅವಳ ಎದೆಯ ಮೇಲೇ ಇತ್ತು.

ಸೆರಗು ಜಾರಿದ್ದರಿಂದ ಜಗದೀಶನಿಗೆ ಎಲ್ಲ ಕಂಡಿತು. ಅವಳ ಬಲಗೈ ಲಾಕನ್ನೂ ನಾಲಿಗೆಯನ್ನೂ ಒಟ್ಟಿಗೆ ಬಿಗಿದು ಹಿಡಿದಿತ್ತು. ಅದರ ಮೇಲೆ ಎಡಗೈ. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಬಲ ಅಂಗೈಯ ಅಂಚಿನಲ್ಲಿ ಲಾಕಿನ ಗುರುತು ಕೆಂಪಾಗಿ ಮೂಡಿತ್ತು. ಅದು ಈಗ ಆದ ಗುರುತಲ್ಲ. ರಾಯದುರ್ಗದಿಂದಲೇ ಒತ್ತುತ್ತ ಬಂದದ್ದು.

ಯಾವಾಗಿಂದ ಗೊತ್ತು ಎಂದು ಕೇಳಬೇಕೆನಿಸಿತು. ಅವಳೂ ಅದನ್ನೇ ಕೇಳಬಹುದಿತ್ತು.

ಅವನಿಗೆ ನಾಚಿಕೆಯಾಗದಿರಲಿ ಎಂದು ಅವಳು ಸುಮ್ಮನಿದ್ದಳೋ, ಅವನಿಗೆ ಹೇಳಿ ಪ್ರಯೋಜನವಿಲ್ಲ ಎಂದು ಸುಮ್ಮನಿದ್ದಳೋ. ಮೊದಲನೆಯದಾದರೆ ತಡೆದುಕೊಳ್ಳುವುದು ಕಷ್ಟ. ಎರಡನೆಯದೇ ನಿಜವಿರಬಹುದೆನಿಸಿತು.

"ಉಡಿ ಬಿದ್ದುಹೋಯ್ತು," ಎಂದಳು ರೇವತಿ.

ಅವನು ಕೆಳಗೆ ಬಗ್ಗಿ ಸಿಕ್ಕಷ್ಟು ಅಕ್ಕಿ ಬಾಚಿಕೊಟ್ಟ. ಅವಳು ಒಂದೇ ಕೈಯಲ್ಲಿ ತೆಗೆದುಕೊಂಡಳು. ಇನ್ನೊಂದು ಕೈ ಅಲ್ಲೇ ಇತ್ತು. ಅದರ ಮೇಲೆ ಮತ್ತೆ ಸೆರಗು ಮುಚ್ಚಿಕೊಂಡಳು.

ಪಾವಗಡದ ಹತ್ತಿರ ಪೊಲೀಸರು ಗಾಡಿ ನಿಲ್ಲಿಸಿದರು. ವಯಸ್ಸಾದ ಪೇದೆ ಒಳಗೆ ಇಣುಕಿದ. ಅವನ ಬಿಗಿ ಮುಖ ಸಡಿಲವಾಯಿತು.

"ಇಬ್ರೂ ಹಾಕ್ಕಂಡಿದೀರ, ಸಂತೋಷ. ಪಟ್ಟಿ ಹೊಟ್ಟೆ ಕೆಳಗೆ ಬರ್ಲಿ ಕಣಮ್ಮ, ಮೇಲೆ ಒತ್ತಬಾರದು. ನನ್ನ ಮಗಳಿಗೂ ಅದನ್ನೇ ಹೇಳ್ತೀನಿ."

ರೇವತಿ ನಕ್ಕು ಆಗಲಿ ಎಂದಳು. ಪೇದೆ ಲಾರಿಯೊಂದನ್ನು ತಡೆದು ಅವರಿಗೆ ದಾರಿ ಬಿಡಿಸಿಕೊಟ್ಟ. ಅಷ್ಟು ಒಳ್ಳೆಯತನ ಜಗದೀಶನಿಗೆ ಬೇಡವಾಗಿತ್ತು.

ಮಡಕಶಿರದಲ್ಲಿ ಅತ್ತೆ ದೊಡ್ಡಕ್ಕ ಆರತಿ ಹಿಡಿದು ನಿಂತಿದ್ದಳು. ಮಗಳ ಉಡಿಯಲ್ಲಿ ಹಿಡಿ ಅಕ್ಕಿ, ಒಡೆದ ಕಾಯಿ. ದೊಡ್ಡಕ್ಕನ ಮುಖ ಬಿಳಿಚಿತು. ಯಾಕೆ ಬಿಟ್ಟೆ ಎಂದಳು.

"ಕೈ ಸೋತ್ಹೋಗಿತ್ತು ಕಣಮ್ಮ."

ದೊಡ್ಡಕ್ಕ ಅಳಿಯನಿಗೆ ಬಿಸಿ ರೊಟ್ಟಿ ಬಡಿಸಿ, ಮೊಸರು ಹೆಚ್ಚಿಗೆ ಹಾಕಿದಳು. ಮಗಳನ್ನು ಜೋಪಾನವಾಗಿ ತಂದಿರಿ ಎಂದಳು. ಅವನು ತಲೆ ತಗ್ಗಿಸಿ ಉಂಡ.

ಹೊರಡುವಾಗ ರೇವತಿ ಬಾಗಿಲ ತನಕ ಬಂದಳು. ಬಲಗೈಗೆ ಎಣ್ಣೆ ಸವರಿದ್ದರು.

"ಮಗು ಆದ್ಮೇಲೆ ಕರ್ಕಂಡು ಹೋಗೋಕೆ ಬರ್ತೀರಲ್ಲ?"

"ಬರ್ತೀನಿ."

"ಬಸ್ಸಲ್ಲಿ ಬನ್ನಿ."

ಕೋಪವಿರಲಿಲ್ಲ. ಬಿಸಿಲಿದೆ, ಕೊಡೆ ತನ್ನಿ ಎನ್ನುವ ಧಾಟಿ.

ಊರಾಚೆ ಅವನು ಗಾಡಿ ನಿಲ್ಲಿಸಿದ. ಎಡಗಡೆಯ ಖಾಲಿ ಸೀಟಿನಲ್ಲಿ ಅಮ್ಮನ ಹಳೇ ಸೀರೆ ಹಾಗೇ ಉಳಿದಿತ್ತು. ಅದರ ಮೇಲೆ ಬೆಲ್ಟು ಎಳೆದು ನಾಲಿಗೆಯನ್ನು ಲಾಕಿಗೆ ಸೇರಿಸಿದ. ಟಕ್ ಎಂದಿತು. ಲಾಕಿನ ಸಂದಿಯಿಂದ ಒಂದು ಅಕ್ಕಿಕಾಳು ಹೊರಗೆ ಉದುರಿತು.

ಹೊರಟ. ಮೊದಲ ಹಳ್ಳಕ್ಕೇ ಬೆಲ್ಟು ಬಿಟ್ಟುಕೊಂಡಿತು. ಮತ್ತೆ ಸೇರಿಸಿ, ಈ ಸಲ ಎಡಗೈಯಲ್ಲಿ ಲಾಕು ಬಿಗಿಹಿಡಿದ. ಲೋಹ ಅಂಗೈಗೆ ಒತ್ತಿತು. ಏರು ಬಂತು. ಗೇರ್ ಬದಲಿಸಬೇಕಾದ ಕೈಯೂ ಅದೇ. ಇಂಜಿನ್ ನಡುಗಿತು, ನರಳಿತು. ಹಿಂದಿನಿಂದ ಲಾರಿ ಹಾರನ್ ಹೊಡೆಯುತ್ತ ಹತ್ತಿರವಾಯಿತು. ಖಾಲಿ ಸೀಟಿನ ಲಾಕನ್ನು ಅದುಮಿ ಹಿಡಿದ ಕೈಯನ್ನು ಜಗದೀಶ ತೆಗೆಯಲಿಲ್ಲ.