ರಿಪೋರ್ಟಿನಲ್ಲಿಲ್ಲದ ಬ್ಯಾನಿ

"ಇದು ಮೊದ್ಲಿನ ಸಾವಿತ್ರಿ. ನೂರಾ ಹದಿನಾಕು ಕಿಲೋ," ಎಂದು ಶ್ರೀಮಂತ ಫೋನನ್ನು ತಂಗಿ ಭೀಮಮ್ಮನ ಮೂಗಿನ ಹತ್ತಿರ ಹಿಡಿದ. ಹರಾಜು ಕೂಗುವವನ ಹಾಗೆ ತುಸು ತಡೆದು, ಬೆರಳಿನಿಂದ ಫೋಟೊ ಸರಿಸಿದ. "ಇದು ಈಗಿನಾಕಿ. ಅರವತ್ತಾರು."

ಸಾವಿತ್ರಿಬಾಯಿ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಹೈದರಾಬಾದಿನ ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಶನ್ ಆಗಿ ಎರಡು ವರ್ಷ ಕಳೆದಿತ್ತು. ಹೊಟ್ಟೆ ಕೊಯ್ಸಿಕೊಂಡವಳು ಅವಳು, ಕಥೆ ಮಾತ್ರ ಗಂಡ ಶ್ರೀಮಂತನದು. ವಾರಗಟ್ಟಲೆ ಗಂಜಿಯ ತಿಳಿಯನ್ನು ಚಮಚೆಯಲ್ಲಿ ಗುಟುಕರಿಸಿದವಳು ಅವಳು. ನಾವು ಭಾಳ ಧೈರ್ಯ ಮಾಡಿದ್ವಿ ಎಂದು ಶಹಾಪುರದ ಬಸ್ ನಿಲ್ದಾಣದಿಂದ ತನ್ನ ಹೈಸ್ಕೂಲಿನ ಸ್ಟಾಫ್ ರೂಮಿನ ತನಕ ಹೇಳುತ್ತ ತಿರುಗಿದವನು ಅವನು. ಇದೇ ಮನುಷ್ಯ ಮೊದಲು ಮದುವೆ ಮನೆಗಳಲ್ಲಿ ಹೆಂಡತಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ಯಾರಾದರೂ ಫೋಟೊ ತೆಗೆಯಲು ನಿಂತರೆ ಅವಳನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದ.

ಆಗ ತಾಲೂಕು ಕಚೇರಿಯಲ್ಲಿ, ಗುಮಾಸ್ತೆಯಾಗಿದ್ದ ಅವಳ ಟೇಬಲ್ಲಿನ ಸುತ್ತ, ಮುರಿದ ಕುರ್ಚಿಗಳ ಬಗ್ಗೆ ನಗೆ ಹರಡುತ್ತಿತ್ತು. ಆಟೊದವನು ಎರಡು ಸೀಟಿನ ಬಾಡಿಗೆ ಕೇಳುತ್ತಿದ್ದ. ತೂಕ ಇಳಿದ ಮೇಲೆ ಅವರೇ ಹಲ್ಲು ಬಿಟ್ಟುಕೊಂಡು ಗುಟ್ಟು ಏನೆಂದು ಕೇಳಲು ಬಂದರು. ಸಾವಿತ್ರಿಬಾಯಿ ಅವರಿಗೆ ನಕ್ಕು ಉತ್ತರ ಕೊಟ್ಟಳು. ಒಳಗೆ ಒಬ್ಬೊಬ್ಬರನ್ನೂ ತಿರಸ್ಕರಿಸಿದಳು.

ಆಪರೇಶನ್ ಆದ ಎಂಟನೆಯ ತಿಂಗಳಿಗೆ ಬ್ಯಾನಿ, ಮೈಯೆಲ್ಲ ನೋವು, ಶುರುವಾಯಿತು. ಮೊದಲು ಕುತ್ತಿಗೆ, ಆಮೇಲೆ ಭುಜ, ಸೊಂಟ, ಮೊಣಕೈ. ಮುಂಜಾನೆ ಎದ್ದರೆ ಯಾರೋ ರಾತ್ರಿಯೆಲ್ಲ ಒನಕೆಯಿಂದ ಕುಟ್ಟಿ ಹೋದಂತಿರುತ್ತಿತ್ತು. ಸೀರೆಯ ಸೆರಗಿನ ಭಾರಕ್ಕೂ ಹೆಗಲು ನೋಯುತ್ತಿತ್ತು. ರೊಟ್ಟಿ ಬಡಿಯಲು ಕೂತರೆ ಎರಡನೆಯದಕ್ಕೇ ಅಂಗೈ ಸೋಲುತ್ತಿತ್ತು. ಊರಿನ ಡಾಕ್ಟರು ಗ್ಯಾಸ್ ಎಂದರು, ಇನ್ನೊಬ್ಬರು ವೀಕ್‌ನೆಸ್ ಎಂದರು, ಮೂರನೆಯವರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಗಂಡನ ಮುಖ ನೋಡಿ ನಕ್ಕರು. ಕೊನೆಗೆ ಕಲಬುರಗಿಯ ಒಬ್ಬ ಡಾಕ್ಟರಮ್ಮ ಮೈಯಲ್ಲಿ ಅಲ್ಲಲ್ಲಿ ಒತ್ತಿ ನೋಡಿ, ಅದಕ್ಕೆ ಫೈಬ್ರೊಮಯಾಲ್ಜಿಯಾ ಎಂಬ ಹೆಸರಿದೆ, ನೋವು ಖರೇನೇ ಇರುತ್ತದೆ, ಆದರೆ ರಕ್ತದಲ್ಲೂ ಎಕ್ಸ್‌ರೇಯಲ್ಲೂ ಸಿಗುವುದಿಲ್ಲ ಎಂದರು. ಆಪರೇಶನ್ನಿನಿಂದಲೇ ಬಂತೇ ಎಂದು ಕೇಳಿದ್ದಕ್ಕೆ ಹಾಗೆ ಹೇಳಲಾಗದು ಎಂದರು.

ಶ್ರೀಮಂತ ಆ ಹೆಸರನ್ನು ಒಮ್ಮೆಯೂ ಉಚ್ಚರಿಸಲಿಲ್ಲ. ಅವನಿಗೆ ಬೇಕಾದದ್ದು ರಿಪೋರ್ಟಿನ ಕೊನೆಯ ಸಾಲು ಮಾತ್ರ. ಎಲ್ಲಾ ನಾರ್ಮಲ್. ಅವಳಿಂದ ಬಡಿಯಲಾಗದೆ ಹೊರಗಿನಿಂದ ರೊಟ್ಟಿ ಕೊಳ್ಳುವ ದಿನ ಆ ಕಾಗದವನ್ನು ಮತ್ತೆ ಮತ್ತೆ ಓದಿ ಹೇಳುತ್ತಿದ್ದ.

ಈ ಭಾನುವಾರ ಬಂದವಳು ಅವನ ಚಿಕ್ಕಮ್ಮನ ಮಗಳು ಭೀಮಮ್ಮ. ಸುರಪುರದಿಂದ ಮಗಳು ಕಲ್ಪನಾಳನ್ನು ಕರೆದುಕೊಂಡು ಬಂದಿದ್ದಳು. ಕಲ್ಪನಾಗೆ ಇಪ್ಪತ್ತೇಳು. ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ. ಮೂರು ಗಂಡುಗಳು ನೋಡಿ, ಹುಡುಗಿಯ ಮೈಕಟ್ಟು ದೊಡ್ಡದಾಯಿತು, ಬೇಡ ಎಂದು ಹೋಗಿದ್ದರು. ಅದಕ್ಕೇ ಹೈದರಾಬಾದಿನ ವಿಚಾರ ತಿಳಿಯಲು ಬಂದಿದ್ದರು. ಚಹಾದ ತಟ್ಟೆ ಹಿಡಿದು ಬಂದ ಸಾವಿತ್ರಿಬಾಯಿ, ಹುಡುಗಿಯ ಭಾರಕ್ಕೆ ಸೋಫಾ ತಗ್ಗಿದ್ದನ್ನು ನೋಡಿದಳು. ನೋಡುತ್ತಲೇ ತನ್ನ ಮೂಗಿನ ತುದಿ ಸೊಟ್ಟಗಾದದ್ದು ಅವಳಿಗೇ ಗೊತ್ತಾಯಿತು. ಎಷ್ಟೋ ವರ್ಷ ಬೇರೆಯವರ ಮುಖದ ಮೇಲೆ ಕಂಡ ಸೊಟ್ಟ ಅದು. ಅವಳು ಕಪ್ಪುಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಶ್ರೀಮಂತ ಈಗ ಕಥೆಯ ಮುಖ್ಯ ಭಾಗಕ್ಕೆ ಬಂದಿದ್ದ. ಹಳೆಯ ಜಂಪರು ತಾ, ತೋರಿಸೋಣ ಎಂದ. ಇದು ಅವನ ಪ್ರತಿ ಸಲದ ಆಟ. ಸಾವಿತ್ರಿಬಾಯಿ ಮೊದಲಿನ ಅಳತೆಯ ಆ ದೊಡ್ಡ ರವಿಕೆಯನ್ನು ಸೀರೆಯ ಮೇಲೆಯೇ ತೊಡಬೇಕು, ಅವನು ಮಿಕ್ಕ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದು ತೋರಿಸಬೇಕು, ಬಂದವರು ಬಾಯಿ ತೆರೆಯಬೇಕು. ಅವಳು ಹನ್ನೆರಡು ಸಲವಾದರೂ ತೊಟ್ಟಿದ್ದಳು.

"ತೋಳು ಎತ್ತಾಕ ಬರಂಗಿಲ್ಲ," ಎಂದಳು.

ಶ್ರೀಮಂತ ನಕ್ಕ. ಎದ್ದು ಬಂದು, ರಿಪೋರ್ಟಿನ ಮಾತು ಹೇಳುತ್ತ, ಎಲ್ಲಿ ಬ್ಯಾನಿ ಎಂದು ಅವಳ ಭುಜದ ಮೇಲೆ ಎರಡು ಸಲ ಬಡಿದ. ಜೋರಾಗೇನೂ ಅಲ್ಲ, ಹುಡುಗರ ಬೆನ್ನು ತಟ್ಟುವ ಹಾಗೆ. ಸಾವಿತ್ರಿಬಾಯಿಯ ಕಣ್ಣಿಗೆ ಕತ್ತಲು ಬಂತು. ಅವಳು ಗೋಡೆ ಹಿಡಿದು ನಿಂತಳು. ಉಸಿರು ತಿರುಗಿ ಬಂದ ಮೇಲೆ ಅವನ ಮಣಿಕಟ್ಟು ಹಿಡಿದು, ಕೊಳಕು ಬಟ್ಟೆ ಎತ್ತಿಡುವಂತೆ ಆ ಕೈಯನ್ನು ತನ್ನ ಮೈಯಿಂದ ದೂರ ಸರಿಸಿದಳು.

"ಮೈ ನಂದು. ಇನ್ನ ಮ್ಯಾಲ ಇದನ್ನ ಯಾರಿಗೂ ತೋರಸಬ್ಯಾಡ್ರಿ."

ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವನಿಗೆ ಇಂಥ ದನಿ ಕೇಳಿ ಗೊತ್ತಿರಲಿಲ್ಲ. ತಂಗಿಯ ಕಡೆ ತಿರುಗಿ, ಇವಳಿಗೆ ಇತ್ತೀಚೆಗೆ ತಲೆ ಸ್ವಲ್ಪ ಹೀಗೇ ಎಂದು ಸನ್ನೆ ಮಾಡಿದ. ಭೀಮಮ್ಮ ಚಹಾ ಊದುತ್ತ, ಕೆಲವರಿಗೆ ಸುಖ ಬಂದರೂ ತಡೆಯುವುದಿಲ್ಲ, ಇಷ್ಟು ಚೆಂದ ಆಗಿಯೂ ನರಳುವುದು ಎಂದರೇನು ಎಂದಳು. ಸಾವಿತ್ರಿಬಾಯಿ ಅವಳನ್ನು ನೋಡಿದಳು. ಈ ಹೆಂಗಸಿಗೆ ಉತ್ತರ ಕೊಡುವುದೂ ದಂಡ ಅನ್ನಿಸಿತು.

ಮಾತಾಡಿದವಳು ಕಲ್ಪನಾ. ಅಷ್ಟು ಹೊತ್ತು ಮಡಿಲಲ್ಲಿ ಬ್ಯಾಗು ಅವುಚಿಕೊಂಡು ಕೂತಿದ್ದಳು.

"ಎಲ್ಲೆಲ್ಲಿ ನೂಸ್ತದ ಅತ್ತಿ?"

ಪ್ರಶ್ನೆ ಸರಳವಾಗಿತ್ತು. ಸಾವಿತ್ರಿಬಾಯಿ ಅದರ ಹಿಂದೆ ನಗು ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಹುಡುಗಿಯ ಪಕ್ಕದಲ್ಲಿ ಕೂತು ಕುತ್ತಿಗೆಯ ಬುಡ, ಹೆಗಲ ಮೂಳೆಯ ನಡು, ಮೊಣಕೈ, ಸೊಂಟದ ಎರಡು ಬದಿ, ಮೊಣಕಾಲಿನ ಒಳಮೈ, ಒಂದೊಂದನ್ನೂ ಬೆರಳಿಟ್ಟು ತೋರಿಸಿದಳು. ದಿನಾ ಒಂದೇ ಕಡೆ ಇರುವುದಿಲ್ಲ, ನಿದ್ದೆ ಮಾಡಿದರೂ ದಣಿವು ಹೋಗುವುದಿಲ್ಲ ಎಂದಳು. ಕಲ್ಪನಾ ಕೇಳಿಸಿಕೊಂಡಳು.

"ಮಾಡಿಸ್ಕೊಂಡಿದ್ದು ತಪ್ಪಾತೇನ್ ಅತ್ತಿ?"

ಶ್ರೀಮಂತ ಬಾಯಿ ಹಾಕಲು ಹೋದ. ಸಾವಿತ್ರಿಬಾಯಿ ಅವನ ಕಡೆ ನೋಡದೆ ಕೈ ಎತ್ತಿ ತಡೆದಳು. ಕೈ ಅರ್ಧಕ್ಕೇ ನಿಂತಿತು.

"ತಪ್ಪಾಗ್ಯಾದ ಅಂತ ಹೆಂಗ ಹೇಳ್ಲಿ? ಸಕ್ಕರಿ ಮುನ್ನೂರು ಇತ್ತು, ಇಳದದ. ಮಾಳಿಗಿ ಪಾವಟಿಗಿ ಹತ್ತತೀನಿ. ಆದ್ರ ನಾ ಹೋಗಿದ್ದು ಸಕ್ಕರಿ ಸಲುವಾಗಿ ಅಲ್ಲವ್ವ. ಮಂದಿ ಬಾಯಿ ಮುಚ್ಚಸಾಕ ಹೋಗಿದ್ದೆ. ಅವು ಮುಚ್ಚಲಿಲ್ಲ. ಮೊದಲ ದಪ್ಪ ಇದ್ದೆ ಅಂತ ಆಡಕೊಂತಿದ್ರು, ಈಗ ಸುಳ್ಳು ಹೇಳ್ತಾಳ ಅಂತಾರ." ಅವಳು ಹುಡುಗಿಯ ಮುಖ ನೋಡಿ ಹೇಳಿದಳು. "ನಿನ್ನ ನೋಡಿ ನನ್ನ ಮಾರಿನೂ ಸೊಟ್ಟಾತು, ಈಗ ಅರ್ಧ ತಾಸಿನ ಹಿಂದ. ನೀ ನೋಡಿದ್ಯೋ ಇಲ್ಲೋ."

"ನೋಡೀನಿ," ಎಂದಳು ಕಲ್ಪನಾ.

ಕಲ್ಪನಾ ಬ್ಯಾಗಿನಿಂದ ಸಣ್ಣ ನೋಟ್‌ಬುಕ್ಕು ತೆಗೆದು, ಕಲಬುರಗಿಯ ಡಾಕ್ಟರಮ್ಮನ ಹೆಸರು, ಕೂರುವ ದಿನ ಕೇಳಿ ಬರೆದುಕೊಂಡಳು. ಆಮೇಲೆ ತಾಯಿಗೆ ಹೇಳಿದಳು: ಮೊದಲು ತನ್ನ ರಕ್ತ ತಾನು ಪರೀಕ್ಷೆ ಮಾಡಿಸುತ್ತೇನೆ, ಆಪರೇಶನ್ ಬೇಕೋ ಬೇಡವೋ ತಾನೇ ಡಾಕ್ಟರ ಎದುರು ಕೂತು ಕೇಳುತ್ತೇನೆ, ಅಲ್ಲಿಯ ತನಕ ಯಾವ ಗಂಡನ್ನೂ ಮನೆಗೆ ಕರೆತರಬಾರದು. ಭೀಮಮ್ಮ ಅಣ್ಣನ ಮುಖ ನೋಡಿದಳು. ಅಣ್ಣ ಫೋನಿನಲ್ಲಿ ಏನನ್ನೋ ಹುಡುಕುತ್ತಿರುವವನಂತೆ ಬೆರಳಾಡಿಸುತ್ತಿದ್ದ.

ನಾಲ್ಕರ ಸುರಪುರ ಬಸ್ಸಿಗೆ ಅವರು ಹೊರಟರು. ಹೋಗುವಾಗ ಕಲ್ಪನಾ ಅತ್ತೆಯ ಕೈ ಹಿಡಿಯಲು ಬಂದವಳು, ಹಿಡಿಯಲೋ ಬೇಡವೋ ಎಂದು ನಿಂತಳು. ಸಾವಿತ್ರಿಬಾಯಿ ತಾನೇ ಎರಡು ಬೆರಳು ಚಾಚಿದಳು.

ಬಾಗಿಲು ಹಾಕಿದ ಮೇಲೆ ಶ್ರೀಮಂತ ಬಂಧುಗಳ ಎದುರು ನನ್ನ ಮರ್ಯಾದೆ ಕಳೆದೆ ಎಂದು ಶುರು ಮಾಡಿದ. ಆಪರೇಶನ್ನಿಗೆ ತಾನು ಓಡಾಡಿದ್ದು, ರಜೆ ಹಾಕಿದ್ದು, ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಮಲಗಿದ್ದು, ಎಲ್ಲವನ್ನೂ ಹೇಳಿದ. ಸಾವಿತ್ರಿಬಾಯಿಗೆ ಆಶ್ಚರ್ಯವಾದದ್ದು ಒಂದೇ. ಇಷ್ಟು ವರ್ಷ ಈ ದನಿಗೆ ತಾನು ಹೆದರಿದ್ದೆನಲ್ಲ. ಈಗ ಕೇಳಿದರೆ, ದೂರದ ಮನೆಯಲ್ಲಿ ಹಚ್ಚಿಟ್ಟ ಟಿವಿಯಂತಿತ್ತು. ಮಾತು ಮುಗಿದ ಮೇಲೆ ಅವನು, ಎಂದಿನ ಹಾಗೆ, ರಾತ್ರಿಗೆ ಏನು ಮಾಡುತ್ತಿ ಎಂದು ಕೇಳಿದ.

"ಹಿಟ್ಟದ, ನೀರದ, ಒಲಿ ಅದ," ಎಂದು ಹೇಳಿ ಅವಳು ಮಾಳಿಗೆಯ ಮೆಟ್ಟಿಲ ಕಡೆ ನಡೆದಳು.

ಒಂದೊಂದು ಮೆಟ್ಟಿಲಿಗೂ ನಿಂತು, ಕಂಬಿ ಹಿಡಿದು ಹತ್ತಿದಳು. ಬಿಸಿಲು ಇಳಿದಿತ್ತು. ಎದುರಿನ ಗುಡ್ಡದ ಬಂಡೆಗಳ ಮೇಲೆ ಕುರಿಗಳು ಹಿಂದಿರುಗುತ್ತಿದ್ದವು. ಕೆಳಗಿನಿಂದ ಡಬ್ಬಿಗಳನ್ನು ತೆಗೆದು ಮುಚ್ಚುವ ಸದ್ದು, ಜೋಳದ ಹಿಟ್ಟು ಎಲ್ಲಿದೆ ಎಂದು ಕೇಳುವ ದನಿ ಬಂತು. ಸಾವಿತ್ರಿಬಾಯಿ ಸೆರಗು ಸರಿಸಿ ಮಾಳಿಗೆಯ ಹಾಸುಗಲ್ಲಿನ ಮೇಲೆ ಮೆಲ್ಲಗೆ ಅಂಗಾತ ಮಲಗಿದಳು. ಮೊದಲು ಸೊಂಟ ಊರಿತು, ಆಮೇಲೆ ಬೆನ್ನು, ಕೊನೆಗೆ ಹೆಗಲು. ಇಡೀ ದಿನ ಬಿಸಿಲು ಕುಡಿದ ಕಲ್ಲು ಇನ್ನೂ ಬೆಚ್ಚಗಿತ್ತು.