ಕಿವಿ ಮೇಸ್ತ್ರಿಯ ಮೂರನೇ ಮಾತು

ನರ್ಸಮ್ಮನ ಗಾಡಿ ಮೂರನೇ ಸಲ ಬಂದು ನಿಂತಾಗ ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಮೂವತ್ತು ವರ್ಷ ಹಳೆಯ ಕಾರು ನಮ್ಮ ಗ್ಯಾರೇಜಿನ ಬಾಗಿಲಲ್ಲಿ ಗಡಗಡ ನಡುಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಸರಿ, ಕಾಲು ತೆಗೆದರೆ ನಡುಕ. ಸಿಗ್ನಲ್‌ನಲ್ಲಿ ನಿಂತರೆ ಎರಡು ಸಲ ಕೆಮ್ಮಿ ಆಫ್. ಅದೇ ಕಾಯಿಲೆ, ಹದಿನೈದು ದಿನದಲ್ಲಿ ಮೂರನೇ ಸಲ. ಹಿಂದಿನ ಎರಡು ಸಲವೂ ಕಾಯಿಲೆ ಇಂಥದ್ದೇ ಎಂದು ಹೇಳಿದವರು ನನ್ನ ಮಾವ. ಎರಡು ಸಲವೂ ತಪ್ಪು. ಇನ್ನೊಂದು ಸಲ ತಪ್ಪಿದರೆ ಅವರು ಗ್ಯಾರೇಜು ಬಿಟ್ಟು ಮನೆಯಲ್ಲಿ ಕೂರಬೇಕು. ಹಾಗೆಂದು ಕಾನೂನು ಮಾಡಿದವರೂ ಅವರೇ.

ಮಾವ ಎಂದರೆ ನನ್ನ ಹೆಂಡತಿಯ ತಂದೆ, ಗ್ಯಾರೇಜಿನ ಯಜಮಾನರು, ನನಗೆ ಕೆಲಸ ಕಲಿಸಿದವರು. ನಾನು ಅವರ ಮನೆ ಅಳಿಯ. ಆ ಪದ ಕೇಳಿ ಜನ ನಗುವುದು ನನಗೆ ಗೊತ್ತಿದೆ, ನಗಲಿ. ಊರಿಗೆಲ್ಲ ಅವರು ಕಿವಿ ಮೇಸ್ತ್ರಿ. ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ ಕಣ್ಣು ಬಿಟ್ಟು ಒಂದು ಗಳಿಗೆ ಸುಮ್ಮನೆ ನಿಂತು, ಒಂದೇ ಮಾತು ಹೇಳುತ್ತಾರೆ. ಬೇರಿಂಗ್. ಟ್ಯಾಪೆಟ್. ಚೈನು. ಆ ಮಾತು ಬರುವತನಕ ಗ್ಯಾರೇಜಿನಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ. ಬಂದ ಮೇಲೆ ಎದುರಾಡುವ ಹಾಗಿಲ್ಲ.

ಇದಕ್ಕೆ ಪ್ರತಿಯಾಗಿ ಅವರು ತಮಗೂ ಒಂದು ಕಾನೂನು ಹಾಕಿಕೊಂಡಿದ್ದರು: ಒಂದೇ ಗಾಡಿಗೆ ಮೂರು ಸಲ ತಪ್ಪು ಹೇಳಿದವನು ಖಾಕಿ ಅಂಗಿ ಬಿಚ್ಚಿಟ್ಟು ಮನೆಗೆ ಹೋಗಬೇಕು. ಬಾಯಿಮಾತಿನ ಕಾನೂನಲ್ಲ. ಇದೇ ಲೆಕ್ಕದಲ್ಲಿ ಸ್ವಂತ ತಮ್ಮನನ್ನೇ ಕಳಿಸಿದ್ದಾರೆ. ಚಿಕ್ಕಮಾವ ಈಗ ಬೇರೆ ಕಡೆ ಟೈರು ಮಾರುತ್ತಾರೆ, ಮನೆಗೆ ಬಂದರೆ ಅಣ್ಣನಿಗೆ ಬೆನ್ನು ಹಾಕಿ ಕೂರುತ್ತಾರೆ. ತಮ್ಮನಿಗೆ ಬಿಡದ ಕಾನೂನನ್ನು ತನಗೆ ಬಿಟ್ಟುಕೊಳ್ಳುವ ಮನುಷ್ಯ ಇವರಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ನಾನು ಖುಷಿಪಟ್ಟದ್ದು ಯಾಕೆ ಎಂದರೆ, ಒಂದು ತಿಂಗಳ ಹಿಂದೆ ಒಬ್ಬ ಟ್ಯಾಕ್ಸಿಯವನ ಗಾಡಿ ಬಂದಿತ್ತು. ಮಾವ ಬಾನೆಟ್ಟಿನೊಳಗೆ ಬಗ್ಗಿದ್ದರು. ಕಿರ್ರೆನ್ನುತ್ತಿದ್ದದ್ದು ಬೆಲ್ಟು ಎಂದು ದಾರಿಯಲ್ಲಿ ಹೋಗುವವರಿಗೂ ಗೊತ್ತಾಗುವಂತಿತ್ತು. ನಾನು ಹಿಂದಿನಿಂದ ಮೆಲ್ಲಗೆ, "ಮಾವ, ಅದು ಬೆಲ್ಟು" ಅಂದೆ. ಅವರು ಅಲುಗಲಿಲ್ಲ. ಇನ್ನೊಂದು ಸಲ ಅಂದೆ. ಟ್ಯಾಕ್ಸಿಯವನು ನಕ್ಕ. ಮಾವ ಸರಕ್ಕನೆ ತಿರುಗಿ ನಮ್ಮಿಬ್ಬರನ್ನೂ ನೋಡಿ, "ಇಲ್ಲಿ ಮಾತಾಡೋಕೆ ನಾನಿದ್ದೀನಿ. ನಿನ್ ಕೆಲಸ ಸ್ಪ್ಯಾನರ್ ಕೊಡೋದು" ಅಂದರು. ಹದಿನೆಂಟು ವರ್ಷ ದುಡಿದವನಿಗೆ, ಹೊರಗಿನವನ ಎದುರಿಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅವತ್ತಿನಿಂದ ನಾನು ಸ್ಪ್ಯಾನರ್ ಮಾತ್ರ ಕೊಟ್ಟೆ. ತಲೆ ಎತ್ತಿ ಅವರ ಮುಖವನ್ನೂ ನೋಡಲಿಲ್ಲ.

ನರ್ಸಮ್ಮನ ಗಾಡಿಯ ಕಾಯಿಲೆ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಇಂಜಿನ್ನಿನಿಂದ ಬ್ರೇಕಿನ ಕಡೆಗೆ ಒಂದು ದಪ್ಪ ರಬ್ಬರ್ ಪೈಪು ಹೋಗುತ್ತದೆ. ಬ್ರೇಕು ಹಗುರಾಗಲೆಂದು ಇಂಜಿನ್ನು ಅದರ ಮೂಲಕ ಗಾಳಿ ಎಳೆಯುತ್ತಿರುತ್ತದೆ. ಹಳೆಯ ರಬ್ಬರು ಬಿರಿದರೆ ಹೊರಗಿನ ಗಾಳಿ ಕಳ್ಳದಾರಿಯಲ್ಲಿ ಒಳಗೆ ಸೇರುತ್ತದೆ. ಜೋರಾಗಿ ಓಡುವಾಗ ಅಷ್ಟು ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಸುಮ್ಮನೆ ನಿಂತಾಗ ಮಾತ್ರ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಇಂಜಿನ್ನು ಒದ್ದಾಡುತ್ತದೆ. ಬಾನೆಟ್ಟು ಎತ್ತಿದ ಕೂಡಲೇ ಸುಯ್ ಎಂಬ ಸಣ್ಣ ಶಬ್ದ ನನಗೆ ಕೇಳಿಸಿತ್ತು. ಕಿವಿ ಮೇಸ್ತ್ರಿಗೆ ಕೇಳಿಸುವುದಿಲ್ಲವೇ, ಹೇಳಲಿ ಎಂದು ಕಾದೆ.

ಅವರು ಸ್ಕ್ರೂಡ್ರೈವರ್ ಇಟ್ಟು ಕೇಳಿದರು. ಕಣ್ಣು ಬಿಟ್ಟು ನಿಂತರು. ನಾನು ಡಬ್ಬಿಯಲ್ಲಿ ನಟ್ಟು ಆರಿಸುತ್ತಿದ್ದೆ. "ಪ್ಲಗ್ಗು" ಅಂದರು. ನಾಲ್ಕೂ ಬದಲಿಸಿದೆ. ವಾರ ಕಳೆದು ಗಾಡಿ ಮತ್ತೆ ಬಂತು. ಈ ಸಲ ಇನ್ನೂ ಹೆಚ್ಚು ಹೊತ್ತು ನಿಂತರು. ನಾನು ನೆಲದ ಎಣ್ಣೆ ಒರೆಸಿದೆ. "ಕಾರ್ಬುರೇಟರ್ ಬಿಚ್ಚಿ ತೊಳಿ" ಅಂದರು. ಬಿಚ್ಚಿದೆ, ತೊಳೆದೆ, ಕೂರಿಸಿದೆ. ಪಾಪದ ಕಾರ್ಬುರೇಟರು, ಅದರಲ್ಲಿ ಒಂದು ಚೂರು ಕಸ ಇರಲಿಲ್ಲ.

ಅವತ್ತು ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದಳು.

"ಅಪ್ಪ ಯಾಕೋ ಮಂಕಾಗಿದ್ದಾರೆ. ಏನಾದ್ರೂ ಅಂದ್ರಾ ನೀವು?"

"ನಾನಾ? ನಾನು ಬಾಯಿಗೆ ಬೀಗ ಹಾಕಿ ತಿಂಗಳಾಯ್ತು."

"ಅದನ್ನೇ ಕೇಳಿದ್ದು. ನರ್ಸಮ್ಮನ ಗಾಡಿ ಏನಾಗಿದೆ ಅಂತ ನಿಮಗೆ ಗೊತ್ತು, ಅಲ್ವಾ?"

ಇವಳ ಹತ್ತಿರ ಮುಚ್ಚಿಡುವುದು ಆಗದ ಮಾತು. ಗೊತ್ತು ಅಂದೆ.

"ಮತ್ತೆ ಹೇಳ್ರೀ. ಮೂರನೇದೂ ತಪ್ಪಾದ್ರೆ ಅಪ್ಪ ಮನೇಲಿ ಕೂತ್ಕೋತಾರೆ. ಕೂತ ಮೇಲೆ ಏಳಲ್ಲ ಅವರು. ನಂಗೆ ಅಪ್ಪ ಬೇಕು."

"ಕೇಳಿದ್ರೆ ಹೇಳ್ತೀನಿ" ಅಂದೆ. ಅವರು ಕೇಳುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ನನ್ನ ಅಂಗಿಯನ್ನು ಮಡಿಸದೆ ನನ್ನ ಮಡಿಲಿಗೆ ಎಸೆದು ಎದ್ದು ಹೋದಳು.

ಈಗ ಗಾಡಿ ಮೂರನೇ ಸಲ ಬಂದಿತ್ತು. ನರ್ಸಮ್ಮ ಸ್ಟಿಯರಿಂಗ್ ಹಿಂದೆಯೇ ಕೂತು, "ಮೇಸ್ತ್ರಿ, ಹಸಿ ಬಾಣಂತಿ ಮನೆಗೆ ಹೋಗ್ಬೇಕಾದ್ರೆ ಮೂರು ಸಿಗ್ನಲ್‌ನಲ್ಲಿ ಆಫ್ ಆಯ್ತು. ಹಿಂದಿನೋರೆಲ್ಲ ನನ್ ಏಳು ತಲೆಮಾರು ಎತ್ತಿ ಬೈದ್ರು" ಅಂದರು. ಬೇಸರದಿಂದೇನೂ ಅಲ್ಲ. ಮಾವನ ಮೇಲೆ ಆಕೆಗೆ ಅಷ್ಟು ನಂಬಿಕೆ.

ಮಾವ ಇಂಜಿನ್ನು ಓಡುತ್ತಿರಲಿ ಎಂದು ಕೈಸನ್ನೆ ಮಾಡಿ ಬಗ್ಗಿದರು. ಸ್ಕ್ರೂಡ್ರೈವರನ್ನು ಒಂದು ಕಡೆ ಇಟ್ಟರು, ಇನ್ನೊಂದು ಕಡೆ ಇಟ್ಟರು, ನಾಲ್ಕು ಕಡೆ ಇಟ್ಟರು. ಪೈಪು ಅವರ ಮೊಣಕೈಗೆ ತಾಗುತ್ತಿತ್ತು. ನನಗೆ ಆ ಸುಯ್ ಎಂಬುದು ಈಗ ಎರಡು ಮಾರು ದೂರಕ್ಕೂ ಕೇಳಿಸುತ್ತಿತ್ತು. ಅವರು ನೆಟ್ಟಗಾದರು. ಕಣ್ಣು ಬಿಟ್ಟು ನಿಂತರು. ತುಂಬ ಹೊತ್ತು ನಿಂತರು. ನಾನು ನನ್ನ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದೆ.

"ಹೆಡ್ ಇಳಿಸ್ಬೇಕು. ವಾಲ್ವು ಸುಟ್ಟಿದೆ" ಅಂದರು.

ಹೆಡ್ ಇಳಿಸುವುದು ಎಂದರೆ ಇಂಜಿನ್ನನ್ನೇ ಅರ್ಧ ಬಿಚ್ಚಿಡುವುದು. ಒಂದು ರಬ್ಬರ್ ಪೈಪಿಗಾಗಿ. ನೆಗಡಿ ಬಂತೆಂದು ಮೂಗು ಕೊಯ್ಯುವುದು ಎಂದರೆ ಇದೇ. ನರ್ಸಮ್ಮ, "ಎಷ್ಟು ದಿನ ಆಗುತ್ತೆ?" ಅಂದರು. ನಾಲ್ಕು ದಿನ ಎಂದು ಮಾವ ಬೆರಳು ತೋರಿಸಿದರು. "ಆಗ್ಲಿ, ನೀವು ಹೇಳಿದ ಮೇಲೆ ಆಯ್ತು" ಎಂದು ಆಕೆ ಕೀ ತಿರುಗಿಸಲು ಕೈ ಹಾಕಿದರು.

"ಆಫ್ ಮಾಡ್ಬೇಡಿ" ಎಂದು ನಾನು ಮುಂದೆ ಹೋಗಿ, ಪೈಪಿನ ಕೆಳಗೆ ಕೈ ಹಾಕಿ, ಬಿರುಕಿನ ಮೇಲೆ ಹೆಬ್ಬೆರಳು ಒತ್ತಿದೆ. ನಡುಕ ನಿಂತಿತು. ಇಂಜಿನ್ನು ಹೊಸದರ ಹಾಗೆ ಒಂದೇ ಸಮ ಓಡತೊಡಗಿತು. ಬೆರಳು ತೆಗೆದೆ, ನಡುಗಿತು. ಒತ್ತಿದೆ, ನಿಂತಿತು. ಒಂದು ಸಲ ತೋರಿಸಿದರೆ ಸಾಕಾಗಿತ್ತು. ನಾನು ಮೂರು ಸಲ ತೋರಿಸಿದೆ. ಆಕೆಯ ನಾಲ್ಕು ದಿನ ಉಳಿಸಲು ಅಲ್ಲ, ಗೆಲ್ಲಲು. ಹೊಟ್ಟೆ ತಣ್ಣಗಾಯಿತು ಅನ್ನುತ್ತಾರಲ್ಲ, ಹಾಗೆ ಆಯಿತು.

"ಇಷ್ಟೇನಾ?" ಎಂದು ನರ್ಸಮ್ಮ ನಕ್ಕುಬಿಟ್ಟರು. ಬಿರುಕಿಗೆ ಟೇಪು ಸುತ್ತಿ, ಹೊಸ ಪೈಪು ನಾಳೆ ಹಾಕಿಕೊಡುತ್ತೇನೆಂದು ಅವರನ್ನು ಕಳಿಸಿದೆ. ತಿರುಗಿ ನೋಡಿದರೆ ಮಾವ ಅಲ್ಲಿ ಇರಲಿಲ್ಲ. ಒಳಗೆ ಬಟ್ಟೆ ನೇತುಹಾಕುವ ಸಣ್ಣ ಕೋಣೆಯಲ್ಲಿ ಖಾಕಿ ಅಂಗಿಯ ಗುಂಡಿ ಬಿಚ್ಚುತ್ತಿದ್ದರು. ಮಧ್ಯಾಹ್ನ ಇನ್ನೂ ಆಗಿರಲಿಲ್ಲ.

ನನ್ನನ್ನು ಕಂಡು, "ಯಾವಾಗ ಗೊತ್ತಾಯ್ತು ನಿಂಗೆ?" ಅಂದರು.

"ಮೊದಲ್ನೇ ದಿನ. ಸುಯ್ ಅಂತ ಶಬ್ದ ಬರ್ತಿತ್ತಲ್ಲ."

"ಬರ್ತಿತ್ತೇನೋ." ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ಬರೀ ಬನಿಯನ್ನಿನಲ್ಲಿ ಅವರ ತೋಳು ತೀರ ಸಣ್ಣದಾಗಿ ಕಂಡಿತು. "ಕಬ್ಬಿಣದ ಒಳಗಿಂದು ಮೂಳೆಗೆ ಕೇಳುತ್ತೆ. ಬೇರಿಂಗು, ಟ್ಯಾಪೆಟ್ಟು, ಅವೆಲ್ಲ ಈಗ್ಲೂ ಕೇಳುತ್ತೆ. ಹೊರಗಿನ ಶಬ್ದ ನಿಂತು ಎರಡು ವರ್ಷ ಆಯ್ತು. ನೀನು ಮಾತಾಡಿದ್ರೂ ತುಟಿ ನೋಡಿ ತಿಳ್ಕೊಳ್ಳೋದೇ."

ನಾನು ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

"ಮತ್ತೆ ಇಷ್ಟು ದಿನ ಹೇಗೆ ಸರಿ ಹೇಳ್ತಿದ್ದೆ ಅಂತ ಕೇಳು. ನಿನ್ ಮುಖ ನೋಡಿ. ಗಾಡಿ ಬಂದ ತಕ್ಷಣ ನಿನ್ ಕಣ್ಣು ಸೀದಾ ಕಾಯಿಲೆ ಇರೋ ಕಡೆ ಹೋಗುತ್ತೆ. ಬೆಲ್ಟಾದ್ರೆ ಬೆಲ್ಟಿಗೆ, ಪಂಪಾದ್ರೆ ಪಂಪಿಗೆ. ಸ್ಕ್ರೂಡ್ರೈವರ್ ಇಟ್ಟು ಕಣ್ಣು ಬಿಟ್ಟ ಮೇಲೆ ನಾನು ನೋಡ್ತಿದ್ದದ್ದು ಅದನ್ನೇ. ನಿನ್ ಕಣ್ಣು ಯಾವತ್ತೂ ತಪ್ಪಿದ್ದಿಲ್ಲ ಕಣೋ. ಒಂದು ತಿಂಗಳಿಂದ ನೀನು ತಲೇನೇ ಎತ್ತಲ್ಲ."

"ನೀವೇ ಅಲ್ವಾ ಮಾವ ಸ್ಪ್ಯಾನರ್ ಕೊಡು ಸಾಕು ಅಂದಿದ್ದು?" ನನ್ನ ಧ್ವನಿ ಏರಿತು. ಏರಿಸಿ ಪ್ರಯೋಜನವಿಲ್ಲ ಎಂದು ಆಮೇಲೆ ಹೊಳೆಯಿತು.

"ಅವತ್ತು ತಿರುಗಿ ನೋಡಿದ್ರೆ ನಿನ್ ಬಾಯಿ ಆಡ್ತಿತ್ತು, ಅವನು ನಗ್ತಿದ್ದ. ಮುದುಕಂಗೆ ಕಿವಿ ಕೇಳಲ್ಲ ಅಂತ ಆಡ್ಕೋತಿದ್ದೀರಿ ಅಂದ್ಕೊಂಡೆ. ನನ್ ಅಳಿಯಾನೇ ಹೀಗೆ ಮಾಡ್ತಾನಾ ಅಂತ ಹೊಟ್ಟೆ ಉರೀತು. ಅದಕ್ಕೇ ಅಂದೆ. ಅಂದದ್ದು ತಪ್ಪು." ಅವರು ಬಿಳಿ ಅಂಗಿ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ತೋಳು ತೂರಿಸತೊಡಗಿದರು. "ಮೂರು ಆಯ್ತಲ್ಲ. ನಾಳೆಯಿಂದ ನೀನೇ ನೋಡ್ಕೋ. ತಮ್ಮಂಗೂ ಒಂದು ಮಾತು ಹೇಳ್ಕಳಿಸು, ಅಣ್ಣಾನೂ ಹೋದ ಅಂತ."

ನನಗೆ ನಾಚಿಕೆಯಾಯಿತು. ಎರಡು ವರ್ಷ ಒಂದೇ ಮನೆಯಲ್ಲಿ ಉಂಡು, ಒಂದೇ ಬಾನೆಟ್ಟಿಗೆ ಬಗ್ಗಿ, ಊರ ಗಾಡಿಗಳ ಸಣ್ಣ ಸದ್ದನ್ನೆಲ್ಲ ಹೆಕ್ಕುವ ನನಗೆ ಇವರ ಕಿವಿ ಹೋದದ್ದು ತಿಳಿಯಲಿಲ್ಲ. ತಿಳಿದಿದ್ದ ಪೈಪನ್ನು ಹದಿನೈದು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ.

"ಮೂರು ಸಲ ತಪ್ಪು ಹೇಳಿದ್ದು ನೀವು. ಗೊತ್ತಿದ್ದೂ ಮೂರು ಸಲ ಸುಮ್ಮನಿದ್ದದ್ದು ನಾನು. ಹೋಗೋದಾದ್ರೆ ನಾನು ಹೋಗ್ಬೇಕು, ಮಾವ. ನೀವಲ್ಲ. ತಪ್ಪಾಯ್ತು" ಅಂದೆ. ಜೀವಮಾನದಲ್ಲಿ ನಾನು ಅಷ್ಟು ಉದ್ದದ ತಪ್ಪೊಪ್ಪಿಗೆ ಮಾಡಿದ್ದಿಲ್ಲ.

ಅವರು ಗೋಡೆಯ ಕಡೆಗೇ ನಿಂತು ನಿಧಾನವಾಗಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಒಂದು ಗುಂಡಿ, ಎರಡನೇ ಗುಂಡಿ. ಅವರಿಗೆ ಒಂದಕ್ಷರವೂ ಮುಟ್ಟಿರಲಿಲ್ಲ.

ಕೋಣೆ ಇಕ್ಕಟ್ಟಾಗಿತ್ತು. ಅವರಿಗೂ ಗೋಡೆಗೂ ನಡುವೆ ಇದ್ದ ಜಾಗದಲ್ಲಿ ನಾನು ಅಡ್ಡಡ್ಡ ನುಸುಳಿ, ಬೆನ್ನು ಗೋಡೆಗೆ ಕೊಟ್ಟು ಅವರ ಎದುರಿಗೆ ನಿಂತೆ. ಅವರು ಗುಂಡಿ ಬಿಟ್ಟು ತಲೆ ಎತ್ತಿ ನನ್ನ ಮುಖ ನೋಡುವವರೆಗೆ ಕಾದೆ. ಆಮೇಲೆ ಎಲ್ಲವನ್ನೂ ಮೊದಲಿನಿಂದ ಇನ್ನೊಂದು ಸಲ ಹೇಳಿದೆ.